ಒಂಟಿ ಗಿಟಾರಿಗೆ ತಾಳದ ಜೊತೆ



ಕಳೆದ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ತಾಯಿಯೊಬ್ಬರ ಪತ್ರವನ್ನು ನಾವು ಎರಡು ಮೂರು ಸಲ ಓದಿದೆವು. ಅವರ ಮಗನಿಗೆ ಹದಿನೈದು ವರ್ಷ. ಎರಡು ವರ್ಷಗಳಿಂದ ಮನೆಯಲ್ಲಿಯೇ ಗಿಟಾರ್ ಅಭ್ಯಾಸ ಮಾಡುತ್ತಿದ್ದಾನೆ. ಈಗ ಅದರೊಡನೆ ಡ್ರಮ್ಮಿನ ಸದ್ದನ್ನೂ ಮೊಬೈಲಿನಲ್ಲಿ ಹಾಕಿಕೊಳ್ಳುತ್ತೇನೆ, ಅದಕ್ಕೊಂದು ಸ್ಪೀಕರ್ ಕೊಡಿಸಿ ಎಂದು ಹಟ ಹಿಡಿದಿದ್ದಾನೆ. "ಗಿಟಾರಿನ ಸದ್ದನ್ನು ಹೇಗೋ ಸಹಿಸಿಕೊಂಡಿದ್ದೇವೆ. ಅದು ಸಾಲದೆಂದು ಈಗ ಡ್ರಮ್ಮೂ ಬೇಕಂತೆ. ಇದು ಅಭ್ಯಾಸವೋ, ಆಟವೋ ನಮಗೆ ತಿಳಿಯದು. ತಾವು ನಾಲ್ಕು ಮಾತು ಬರೆದರೆ ಅವನು ಕೇಳಿಯಾನು" ಎಂದು ಆ ತಾಯಿ ಕೇಳಿಕೊಂಡಿದ್ದಾರೆ.

ನಮ್ಮಿಂದ 'ಬೇಡ' ಎಂಬ ಉತ್ತರವನ್ನೇ ಅವರು ನಿರೀಕ್ಷಿಸಿದ್ದಾರೆಂಬುದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ. ಎರಡು ವರ್ಷಗಳ ಹಿಂದಾಗಿದ್ದರೆ ನಾವೂ ಹಾಗೆಯೇ ಬರೆದುಬಿಡುತ್ತಿದ್ದೆವು. ಈಗ ಬರೆಯಲಾರೆವು. ಅದೇ 'ಬೇಡ'ವನ್ನು ನಮ್ಮ ಮನೆಯಲ್ಲಿಯೇ ನುಡಿದು, ಅದರ ಫಲವನ್ನು ನಮ್ಮ ಮಗಳ ಮಗನು ಉಣ್ಣುವಂತೆ ಮಾಡಿದವರು ನಾವು. ಆದ್ದರಿಂದ ಈ ತಿಂಗಳು ಉಪದೇಶಕ್ಕಿಂತ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ಯುಕ್ತವೆಂದು ಭಾವಿಸಿದ್ದೇವೆ.

ನಮ್ಮ ಮೊಮ್ಮಗನು ಕಾಲೇಜು ಓದುತ್ತ ಹುಬ್ಬಳ್ಳಿಯ ನಮ್ಮ ಮನೆಯಲ್ಲಿಯೇ ಇದ್ದಾನೆ. ಅವನ ಕೋಣೆಗೂ ನಮ್ಮ ಓದಿನ ಕೋಣೆಗೂ ನಡುವೆ ಒಂದೇ ಗೋಡೆ. ಸಂಜೆ ಏಳರಿಂದ ಎಂಟರವರೆಗೆ ಅವನು ಗಿಟಾರ್ ನುಡಿಸುವುದು, ನಾವು ಹಸ್ತಪ್ರತಿಯ ಪುಟಗಳನ್ನು ತಿದ್ದುವುದು, ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಡ್ಡಿಯಾಗದೆ ನಡೆದಿತ್ತು. ಒಂದು ಸಂಜೆ ಗಿಟಾರಿನ ಜೊತೆಗೆ ಡ್ರಮ್ಮಿನ ಬಡಿತವೂ ಗೋಡೆಯನ್ನು ದಾಟಿ ಬಂದಿತು. ನಾವು ಗೋಡೆಯನ್ನು ತಟ್ಟಿ, "ತಮ್ಮಾ, ಗಿಟಾರ್ ಬಾರಿಸು, ಬ್ಯಾಡನ್ನಂಗಿಲ್ಲ. ಆ ಡಬಡಬ ಒಂದು ಬ್ಯಾಡ ನೋಡು" ಎಂದೆವು. ಅವನು ಎದುರಾಡುವ ಹುಡುಗನಲ್ಲ. ಸದ್ದು ನಿಂತಿತು. ಮತ್ತೆಂದೂ ಕೇಳಿಬರಲಿಲ್ಲ. ನಮಗೆ ಸಮಾಧಾನವಾಯಿತು.

ಅನಂತರ ಒಂದು ವರ್ಷ ಅವನು ಒಂಟಿಯಾಗಿಯೇ ನುಡಿಸಿದನು. ಬಾಲ್ಯದಿಂದ ಛಂದಸ್ಸಿನಲ್ಲಿ ಬೆಳೆದ ನಮ್ಮ ಬೆರಳಿಗೆ ಒಂದು ಚಾಳಿಯುಂಟು. ಯಾವ ಲಯ ಕಿವಿಗೆ ಬಿದ್ದರೂ ಅದು ಮೇಜಿನ ಮೇಲೆ ತಾನಾಗಿಯೇ ಮಾತ್ರೆಯನ್ನು ಎಣಿಸತೊಡಗುತ್ತದೆ. ಮೊಮ್ಮಗನ ಹಾಡೊಂದರಲ್ಲಿ ಪ್ರತಿ ಸಾಲಿನ ಮೂರನೆಯ ಕಾರ್ಡಿಗೆ ಬಂದಾಗ ನಮ್ಮ ಬೆರಳು ಮುಂದೆ ಹೋಗಿ ನಿಂತು ಅವನಿಗಾಗಿ ಕಾಯುತ್ತಿತ್ತು. ಅದನ್ನು ದಾಟಿದ ಮೇಲೆ ಸುಲಭದ ಭಾಗದಲ್ಲಿ ಅವನು ಓಡುತ್ತಿದ್ದನು, ನಮ್ಮ ಬೆರಳು ಹಿಂದೆ ಬೀಳುತ್ತಿತ್ತು. ದಿನವೂ ಅದೇ ಸ್ಥಳದಲ್ಲಿ ಅದೇ ತಡ, ಅದೇ ಓಟ. ನಮಗೆ ಅದು ಗೊತ್ತಿತ್ತು. ಆದರೆ ಹೇಳಲಿಲ್ಲ. ಅದು ನಮ್ಮ ಸಂಗೀತವಲ್ಲ, ಅವರ ಪದ್ಧತಿಯೇ ಹಾಗಿರಬಹುದು ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡು ಪುಟ ತಿರುವಿದೆವು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಲ್ವರು ಗೆಳೆಯರು ಸೇರಿ ಆ ಹಾಡನ್ನು ನುಡಿಸುವುದೆಂದು ನಿಶ್ಚಯವಾಯಿತು. ಅವರಲ್ಲೊಬ್ಬನು ಡ್ರಮ್ ಬಾರಿಸುವವನು. ಮೊದಲ ತಾಲೀಮಿನಲ್ಲಿಯೇ ಮೂರನೆಯ ಕಾರ್ಡಿನಲ್ಲಿ ನಮ್ಮ ಹುಡುಗ ತಡೆದನು, ಡ್ರಮ್ ತಡೆಯಲಿಲ್ಲ. ಎರಡನೆಯ ತಾಲೀಮಿನಲ್ಲಿಯೂ ಹಾಗೆಯೇ. ಮೂರನೆಯ ದಿನ ಅವನ ಸ್ಥಳದಲ್ಲಿ ಬೇರೊಬ್ಬ ಹುಡುಗ ಕುಳಿತಿದ್ದನಂತೆ. ಅವನು ಮನೆಗೆ ಬಂದು ಗಿಟಾರನ್ನು ಬಾಗಿಲಿನ ಹಿಂದಿನ ಗೂಟಕ್ಕೆ ನೇತುಹಾಕಿದವನು ಎರಡು ತಿಂಗಳು ಮುಟ್ಟಲಿಲ್ಲ. ಏಳು ಗಂಟೆಯ ಮೌನ ನಮ್ಮ ಓದಿಗೆ ಡ್ರಮ್ಮಿನ ಸದ್ದಿಗಿಂತ ಹೆಚ್ಚು ಅಡ್ಡಿಯಾಯಿತು. ಕಾರಣವನ್ನು ಅವನು ಹೇಳಿರಲಿಲ್ಲ. ನಮ್ಮ ಮಗಳು ಫೋನಿನಲ್ಲಿ ಹೇಳಿದಳು. ಅಂದೇ ರಾತ್ರಿ ನಾವು ಅವನ ಕೋಣೆಗೆ ಹೋಗಿ ಕುಳಿತೆವು.

"ಅಜ್ಜಾ, ನನಗ ತಾಳನ ಇಲ್ರೀ. ಹುಟ್ಟಾನ ಇಲ್ಲ" ಎಂದನು ಹುಡುಗ.

ಆ ಮಾತು ನಮಗೆ ನಾಟಿತು. ಅದೇ ಮಾತನ್ನು ನಾವೂ ಹನ್ನೊಂದನೆಯ ವಯಸ್ಸಿನಲ್ಲಿ ಆಡಿದ್ದೆವು. 1970ರ ದಶಕದಲ್ಲಿ ನಾವು ಮಠದ ಪಾಠಶಾಲೆಯಲ್ಲಿದ್ದಾಗ ಸಂಜೆಯ ಭಜನೆಗೆ ಕಂಚಿನ ತಾಳಗಳನ್ನು ನಮ್ಮ ಕೈಗೆ ಕೊಡುತ್ತಿದ್ದರು. ನಾವು ಉತ್ಸಾಹ ಹೆಚ್ಚಿದಂತೆ ವೇಗ ಹೆಚ್ಚಿಸಿ, ಹಾರ್ಮೋನಿಯಂ ನುಡಿಸುವ ಗವಾಯಿಗಳನ್ನು ಓಡಿಸುತ್ತಿದ್ದೆವು. ಒಂದು ದಿನ ಅವರು ತಾಳಗಳನ್ನು ನಮ್ಮ ಕೈಯಿಂದ ತೆಗೆದುಕೊಂಡು ಒಂದು ತಿಂಗಳು ಕೊಡಲಿಲ್ಲ. ಆ ತಿಂಗಳು ನಾವು ತಬಲಾದ ಪಕ್ಕದಲ್ಲಿ ಸುಮ್ಮನೆ ಕುಳಿತು, ತೊಡೆಯ ಮೇಲೆ ಕೈಯಿಟ್ಟು, ಡಗ್ಗಾದ ಪೆಟ್ಟಿನ ಮೇಲೆ ಮಾತ್ರ ಬೆರಳು ಬೀಳಿಸಬೇಕು. ತಿಂಗಳು ಮುಗಿಯುವ ಹೊತ್ತಿಗೆ ನಾವು ಎಲ್ಲಿ ಓಡುತ್ತಿದ್ದೆವೆಂಬುದು ನಮಗೇ ಕೇಳಿಸತೊಡಗಿತು. ತಾಳ ಹುಟ್ಟಿನಿಂದ ಬರುವುದೋ ಇಲ್ಲವೋ, ತಾಳ ತಪ್ಪಿದುದನ್ನು ಕೇಳಿಸಿಕೊಳ್ಳುವ ಕಿವಿ ಮಾತ್ರ ಜೊತೆಗಾರನ ಪಕ್ಕದಲ್ಲಿ ಕುಳಿತು ಸಂಪಾದಿಸುವಂಥದು. ಹುಡುಗನಿಗೆ ಇಷ್ಟನ್ನು ಹೇಳಿ, "ನಿನಗ ಜೊತಿ ಸಿಗದಂಗ ಮಾಡಿದಾವರು ನಾವು. ಹಾಕು ಆ ಡ್ರಮ್ಮು" ಎಂದೆವು.

ಒಂಟಿಯಾಗಿ ನುಡಿಸುವವನಿಗೆ ತಪ್ಪು ಏಕೆ ಕೇಳಿಸುವುದಿಲ್ಲ? ಗಿಟಾರ್ ಕಲಿಯುವ ಮಕ್ಕಳೆಲ್ಲರೂ ಎಡವುವ 'ಎಫ್' ಕಾರ್ಡನ್ನೇ ನೋಡಿರಿ. ಅದನ್ನು ಪೂರ್ಣರೂಪದಲ್ಲಿ ಹಿಡಿಯಬೇಕಾದರೆ ಎಡಗೈಯ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ, ಉಳಿದ ಮೂರು ಬೆರಳುಗಳನ್ನು ಬೇರೆ ಬೇರೆ ತಂತಿಗಳ ಮೇಲೆ ಕೂಡಿಸಬೇಕು. ನಮ್ಮ ಹುಡುಗನ ಮೂರನೆಯ ಕಾರ್ಡು ಇದೇ. ಆ ಕ್ಷಣದಲ್ಲಿ ಮನಸ್ಸೆಲ್ಲ ಎಡಗೈಗೆ ಹೋಗುತ್ತದೆ, ಕಿವಿ ಬರಿದಾಗುತ್ತದೆ. ಬೆರಳು ಕೂಡುವವರೆಗೆ ಬಲಗೈ ನಿಂತು ಕಾಯುತ್ತದೆ. ಆ ಕಾಯುವಿಕೆ ನುಡಿಸುವವನ ಲೆಕ್ಕಕ್ಕೆ ಬರುವುದಿಲ್ಲ. ಅವನ ಮನಸ್ಸಿನಲ್ಲಿ ಹಾಡು ಅಖಂಡವಾಗಿಯೇ ಹರಿಯುತ್ತಿರುತ್ತದೆ. ಅವನು ನಿಂತರೆ ಹಾಡೂ ನಿಲ್ಲುತ್ತದೆ, ಅವನು ಓಡಿದರೆ ಹಾಡೂ ಓಡುತ್ತದೆ. ತಪ್ಪೆಂದು ಹೇಳುವ ಎರಡನೆಯ ಸಾಕ್ಷಿ ಆ ಕೋಣೆಯಲ್ಲಿ ಇರುವುದಿಲ್ಲ. ನೂರು ದಿನ ಹೀಗೆ ನುಡಿಸಿದರೆ ಆ ತಡವೇ ಕೈಗೆ ಅಭ್ಯಾಸವಾಗಿಬಿಡುತ್ತದೆ. ನಮ್ಮ ಮೊಮ್ಮಗನು ಒಂದು ವರ್ಷ ತಪ್ಪನ್ನೇ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದನು.

ಡ್ರಮ್ಮಿನ ಸದ್ದು ಈ ಎರಡನೆಯ ಸಾಕ್ಷಿ. ಅದು ಗದ್ದಲದಂತೆ ಕೇಳಿಸುವುದು ಅದರ ಕಟ್ಟಡವನ್ನು ಅರಿಯದಾಗ ಮಾತ್ರ. ತಾಯಂದಿರು ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು ಕೇಳಬೇಕು. ಚಲನಚಿತ್ರಗೀತೆಗಳಲ್ಲಿ ಮತ್ತು ಪಾಶ್ಚಾತ್ಯ ಹಾಡುಗಳಲ್ಲಿ ಅತಿ ಸಾಮಾನ್ಯವಾದುದು ನಾಲ್ಕು ಎಣಿಕೆಯ ಆವರ್ತ. ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್ ಒಂದು ಮತ್ತು ಮೂರನೆಯ ಎಣಿಕೆಯ ಮೇಲೆ 'ಧುಂ' ಎನ್ನುತ್ತದೆ. ಕೋಲಿನಿಂದ ಬಾರಿಸುವ ಸ್ನೇರ್ ಎರಡು ಮತ್ತು ನಾಲ್ಕರ ಮೇಲೆ 'ಟಪ್' ಎನ್ನುತ್ತದೆ. ಒಂದರ ಮೇಲೊಂದು ಕೂಡಿಸಿದ ಎರಡು ಕಂಚಿನ ತಟ್ಟೆಗಳ ಹೈ-ಹ್ಯಾಟ್ ಪ್ರತಿ ಎಣಿಕೆಯನ್ನೂ ಎರಡಾಗಿ ಒಡೆದು, ಆವರ್ತಕ್ಕೆ ಎಂಟು ಸಣ್ಣ ಪೆಟ್ಟುಗಳನ್ನು ಕೊಡುತ್ತದೆ. ಎಂಟು ಮಾತ್ರೆಯ ಕೆಹರವಾವನ್ನು ಭಜನೆಯಲ್ಲಿ ಕೇಳಿದ ಕಿವಿಗೆ ಇದು ಪರಕೀಯವೆನಿಸಲಾರದು. ಆರು ಎಣಿಕೆಯ ತೂಗುವ ಹಾಡುಗಳಿಗೆ ದಾದರಾ ಬಲ್ಲವರು ಕೂಡಲೇ ತಲೆದೂಗುತ್ತಾರೆ. ಡಗ್ಗಾ ಮಾಡುವ ಕೆಲಸವನ್ನು ಅಲ್ಲಿ ಬೇಸ್ ಡ್ರಮ್ ಮಾಡುತ್ತದೆ, ಅಷ್ಟೆ.

ಗಿಟಾರೇ ಪರದೇಶದ್ದು, ಅದಕ್ಕೇಕೆ ಇಷ್ಟು ಉಪಚಾರ ಎನ್ನುವ ಹಿರಿಯರೂ ಉಂಟು. ನಮ್ಮ ಭಜನಾಮಂದಿರಗಳಲ್ಲಿ ನಿತ್ಯವೂ ನುಡಿಯುವ ಹಾರ್ಮೋನಿಯಂ ಯೂರೋಪಿನಿಂದ ಬಂದುದು; ಕರ್ನಾಟಕ ಸಂಗೀತದ ಪಿಟೀಲೂ ಹಾಗೆಯೇ. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮೋಹನವೀಣೆಯನ್ನಾಗಿ ಮಾಡಿಕೊಂಡು, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರೊಡನೆ ನುಡಿಸಿದ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ವಾದ್ಯದ ಊರನ್ನು ಕೇಳುವುದಕ್ಕಿಂತ ಅದನ್ನು ನುಡಿಸುವವನ ಲಯವನ್ನು ಕೇಳುವುದು ಮೇಲು.

ಇನ್ನು ಅಭ್ಯಾಸದ ಕ್ರಮ. ನಾವು ಗಿಟಾರ್ ನುಡಿಸಬಲ್ಲವರಲ್ಲ. ಕಳೆದ ಎಂಟು ತಿಂಗಳು ಪಕ್ಕದಲ್ಲಿ ಕುಳಿತು ಕಂಡುದನ್ನು ಬರೆಯುತ್ತಿದ್ದೇವೆ. ಮೊದಲು ಹುಡುಗನು ಮಾಡಿದ ತಪ್ಪೆಂದರೆ ಹಾಡಿನ ಪೂರ್ಣ ವೇಗದಲ್ಲಿಯೇ ಡ್ರಮ್ ಹಾಕಿಕೊಂಡು ಅದರ ಹಿಂದೆ ಬೆನ್ನಟ್ಟಿದ್ದು. ಎರಡು ದಿನದಲ್ಲಿ ಬೇಸತ್ತನು. ಆಗ ನಾವು ಗೋಡೆಯ ಗಡಿಯಾರವನ್ನು ತೋರಿಸಿದೆವು. ಸೆಕೆಂಡಿನ ಮುಳ್ಳು ನಿಮಿಷಕ್ಕೆ 60 ಹೆಜ್ಜೆ ಇಡುತ್ತದೆ. ಡ್ರಮ್ಮನ್ನೂ ಅದೇ 60ಕ್ಕೆ ಇಳಿಸಿದರೆ ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ ನಾಲ್ಕು ಸೆಕೆಂಡು ದೊರೆಯುತ್ತದೆ. ಆ ವೇಗದಲ್ಲಿ ಮೊದಲ ವಾರ ಒಂದೇ ಕಾರ್ಡು, ಎಡಗೈಗೆ ಬದಲಾವಣೆಯೇ ಇಲ್ಲ, ಬಲಗೈ ಮಾತ್ರ ಪ್ರತಿ ಎಣಿಕೆಗೂ ಒಂದು ಕೆಳಮೀಟು. ನೋಡುವುದಕ್ಕೆ ಇದು ಮಕ್ಕಳಾಟ. ಕುಳಿತು ಮಾಡಿದರೆ ತಿಳಿಯುತ್ತದೆ ಇದರ ಕಷ್ಟ. ಎರಡು ಪೆಟ್ಟುಗಳ ನಡುವಿನ ಅಂತರ ಹೆಚ್ಚಿದಷ್ಟೂ ಮುಂದಿನ ಪೆಟ್ಟು ಎಲ್ಲಿ ಬೀಳುವುದೆಂದು ಊಹಿಸುವುದು ಕಠಿಣವಾಗುತ್ತ ಹೋಗುತ್ತದೆ. ವಿಲಂಬಿತದಲ್ಲಿ ಹಾಡುವ ಗವಾಯಿಗಳಿಗೆ ಇದು ಚೆನ್ನಾಗಿ ಗೊತ್ತು.

ಎರಡನೆಯ ವಾರ ಜಿ, ಸಿ, ಡಿ ಎಂಬ ಮೂರು ಕಾರ್ಡುಗಳು ಆವರ್ತಕ್ಕೊಂದರಂತೆ ಬಂದವು. ಎಫ್ ಬಂದುದು ಅದಕ್ಕೂ ಆಮೇಲೆ. ಇಲ್ಲಿ ಹುಡುಗನಿಗೆ ನಾವು ಒಂದೇ ಕಟ್ಟಳೆಯನ್ನು ವಿಧಿಸಿದೆವು: ಕಾರ್ಡು ತಪ್ಪಲಿ, ತಂತಿ ಕರಕರ ಎನ್ನಲಿ, ಬಲಗೈ ಮಾತ್ರ ನಿಲ್ಲಕೂಡದು. ಎಡಗೈ ಇನ್ನೂ ದಾರಿಯಲ್ಲಿದ್ದರೂ ಬಲಗೈ ಬರಿಯ ತಂತಿಯನ್ನಾದರೂ ಮೀಟಿ ಎಣಿಕೆಯನ್ನು ಸಲ್ಲಿಸಬೇಕು. ಕೇಳುವವರು ಅರ್ಧ ಎಣಿಕೆಯ ಒರಟು ಸ್ವರವನ್ನು ಮನ್ನಿಸಿಯಾರು, ಹಾಡು ನಿಂತುದನ್ನು ಮನ್ನಿಸಲಾರರು. ಹಿಂದಿನ ಕಾರ್ಡನ್ನು ನಾಲ್ಕನೆಯ ಎಣಿಕೆ ಮೀಟಿದ ಒಡನೆಯೇ ಬಿಟ್ಟು ಎಡಗೈ ಹೊರಟರೆ ಮುಂದಿನ ಒಂದನೆಯ ಎಣಿಕೆಗೆ ಅದು ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆಂಬುದನ್ನು ಅವನೇ ಕಂಡುಕೊಂಡನು. ನಮಗೆ ಅದು ಹೊಳೆದಿರಲಿಲ್ಲ. ವಾರಕ್ಕೆ ನಾಲ್ಕೈದು ಎಣಿಕೆಯಂತೆ ವೇಗವನ್ನು ಏರಿಸುತ್ತ ಬಂದನು. ಎಡವಿದ ದಿನ ಹತ್ತು ಎಣಿಕೆ ಕೆಳಗಿಳಿದು ಮತ್ತೆ ಏರುವುದು.

ಮೂರು ತಿಂಗಳಾದ ಮೇಲೆ ನಮಗೆ ಬೇರೊಂದು ಅಂಜಿಕೆ ಹುಟ್ಟಿತು. ಊರುಗೋಲು ಹಿಡಿದು ನಡೆಯುವವನಂತೆ ಡ್ರಮ್ ಇಲ್ಲದೆ ಅವನು ನುಡಿಸಲಾರನೇನೋ ಎಂದು. ಇದಕ್ಕೂ ಉಪಾಯವುಂಟು. ತಾಳವು ಎರಡು ಆವರ್ತ ನುಡಿದು ಎರಡು ಆವರ್ತ ಮೌನವಾಗುವಂತೆ ಯಂತ್ರವನ್ನು ಹೊಂದಿಸಬಹುದು. ಮೌನದ ಎರಡು ಆವರ್ತಗಳನ್ನು ಗಿಟಾರ್ ಒಂಟಿಯಾಗಿ ದಾಟಬೇಕು. ತಾಳ ಮರಳಿ ಬಂದಾಗ ಇಬ್ಬರ ಒಂದನೆಯ ಎಣಿಕೆ ಕೂಡಿತೆ, ಇಲ್ಲವೆ? ಮೊದಲ ದಿನ ಹುಡುಗನು ಪ್ರತಿ ಸಲವೂ ಮುಂದೆ ಹೋಗಿ ನಿಂತಿರುತ್ತಿದ್ದನು. ಅಲ್ಲಿಗೆ ಅವನ ಸ್ವಭಾವ ತಡವಲ್ಲ, ಅವಸರ ಎಂಬುದು ತಿಳಿಯಿತು. ಎಫ್ ಕಾರ್ಡಿನ ತಡವು ಕೈಯ ದೋಷ ಮಾತ್ರ. ಮೌನವನ್ನು ನಾಲ್ಕು ಆವರ್ತಕ್ಕೆ, ಎಂಟು ಆವರ್ತಕ್ಕೆ ಹಿಗ್ಗಿಸಿದಂತೆಲ್ಲ ತಾಳವು ಸ್ಪೀಕರಿನಿಂದ ಅವನ ಒಳಕ್ಕೆ ಇಳಿಯುತ್ತ ಬಂದಿತು.

ಈ ಯಂತ್ರಗಳ ಬಗೆಗೂ ಎರಡು ಮಾತು ಹೇಳಬೇಕು. ನಮಗೆ ಅವುಗಳ ಕಥೆ ಕುತೂಹಲಕರವಾಗಿ ಕಂಡಿತು. ತೂಗುವ ಕಡ್ಡಿಯಿಂದ ಟಿಕ್ ಟಿಕ್ ಎನಿಸುವ ಮೆಟ್ರೊನೋಮನ್ನು 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರೂಪಿಸಿದವನು ವಿಂಕೆಲ್. ಆದರೆ 1815ರಲ್ಲಿ ಅದಕ್ಕೆ ಅಳತೆಪಟ್ಟಿ ಸೇರಿಸಿ ಹಕ್ಕುಪತ್ರ ಪಡೆದು ಹೆಸರು ಗಳಿಸಿದವನು ಮೆಲ್ಜೆಲ್. ಕಂಡುಹಿಡಿದವನೊಬ್ಬ, ಕೀರ್ತಿ ಉಂಡವನೊಬ್ಬ. ಅಮೆರಿಕದ ವುರ್ಲಿಟ್ಜರ್ ಸಂಸ್ಥೆ 1959ರಲ್ಲಿ ತಾಳವನ್ನೇ ನುಡಿಸುವ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದಿತು. ಜಪಾನಿನಲ್ಲಿ ಇಕುಟಾರೊ ಕಾಕೆಹಾಶಿ 1972ರಲ್ಲಿ ಸ್ಥಾಪಿಸಿದ ರೋಲ್ಯಾಂಡ್ ಸಂಸ್ಥೆಯ ತಾಳಯಂತ್ರಗಳು ಜಗತ್ತನ್ನೆಲ್ಲ ಸುತ್ತಿದವು. ನಮ್ಮ ಪ್ರಸಂಗಕ್ಕೆ ಹತ್ತಿರವಾದ ಹೆಸರು ಅಮೆರಿಕದ ರಾಜರ್ ಲಿನ್ ಅವರದು. ಅವರು ಗಿಟಾರ್ ವಾದಕರು. ನಿಜವಾದ ಡ್ರಮ್ಮಿನ ಧ್ವನಿಯನ್ನೇ ಮುದ್ರಿಸಿಟ್ಟುಕೊಂಡು ನುಡಿಸುವ ಅವರ ಯಂತ್ರ 1980ರಲ್ಲಿ ಹೊರಬಂದಿತು. ಅದರ ಬೆಲೆ ಸುಮಾರು 5,000 ಡಾಲರ್. ಇಂದು ಅದಕ್ಕಿಂತ ಹೆಚ್ಚಿನ ತಾಳಗಳು ಮಕ್ಕಳ ಮೊಬೈಲಿನಲ್ಲಿ ಬಿಡಿಗಾಸಿಲ್ಲದೆ ದೊರೆಯುತ್ತವೆ.

ನಮ್ಮ ನಾಡಿನವರೂ ಹಿಂದೆ ಬೀಳಲಿಲ್ಲ. ಬೆಂಗಳೂರಿನಲ್ಲಿ ಜಿ. ರಾಜನಾರಾಯಣ ಅವರ ರಾಡೆಲ್ ಸಂಸ್ಥೆಯು ಎಲೆಕ್ಟ್ರಾನಿಕ್ ತಂಬೂರಿಯನ್ನೂ ತಬಲಾದ ಠೇಕಾಗಳನ್ನು ನುಡಿಸುವ 'ತಾಳಮಾಲಾ' ಎಂಬ ಪೆಟ್ಟಿಗೆಯನ್ನೂ ತಯಾರಿಸಿತು. ರಾಗಸಂಗೀತ ಕಲಿಯುವ ಮನೆಗಳಲ್ಲಿ ಇಂಥ ಪೆಟ್ಟಿಗೆಯೊಂದು ಇದ್ದರೆ ಗಿಟಾರಿಗೂ ಅದು ಸಾಕು. ಹದಿನಾರು ಮಾತ್ರೆಯ ತೀನ್‌ತಾಳದಲ್ಲಿ ನಾಲ್ಕು ಎಣಿಕೆಯ ಹಾಡು ಸುಖವಾಗಿ ಕುಳಿತುಕೊಳ್ಳುತ್ತದೆ. ಮನೆಯ ಕಪಾಟಿನ ಮೇಲೆ ಮಕ್ಕಳ ಹಳೆಯ ಕ್ಯಾಸಿಯೋ ಕೀಬೋರ್ಡ್ ಧೂಳು ತಿನ್ನುತ್ತಿದ್ದರೆ ಅದನ್ನೂ ಇಳಿಸಿರಿ. ಬಹುತೇಕ ಅವುಗಳಲ್ಲಿ ತಾಳದ ಗುಂಡಿಗಳಿರುತ್ತವೆ. ಪತ್ರ ಬರೆದ ತಾಯಿ ಹೊಸದೇನನ್ನೂ ಕೊಳ್ಳಬೇಕಾಗಿಯೇ ಇಲ್ಲದಿರಬಹುದು.

ನೆರೆಹೊರೆಯವರ ತೊಂದರೆ ನಿಜವಾದ ತೊಂದರೆಯೇ ಹೌದು. ತಾಳದ ಸದ್ದು ಗಿಟಾರಿನ ಸದ್ದಿಗಿಂತ ಕೊಂಚ ಕೆಳಗಿರಬೇಕೆಂಬುದು ಮೊದಲ ಮಾತು. ಕಿವಿಗೊಟ್ಟು ಹುಡುಕಿ ಕೇಳುವಷ್ಟು ಮೆಲ್ಲಗಿದ್ದರೆ ಕಿವಿಗೂ ಅಭ್ಯಾಸವಾಗುತ್ತದೆ. ಮಗನು ಹೆಡ್‌ಫೋನ್ ಕೇಳಿದರೆ ಕೊಡಿಸಬಹುದು, ಆದರೆ ಅಳತೆ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಎಂಬ ಮಿತಿಯನ್ನು ಹೇಳಿದೆ. ಸದ್ದು ಹೆಚ್ಚಿದಂತೆ ಈ ಗಂಟೆಗಳು ಬೇಗ ಕರಗಿಹೋಗುತ್ತವೆ. ಇನ್ನೊಂದು ಸೂಕ್ಷ್ಮವನ್ನು ಮೊಮ್ಮಗನೇ ನಮಗೆ ಕಲಿಸಿದನು. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತುಸು ತಡವಾಗಿ ಮುಟ್ಟುತ್ತದೆ. ಮರದ ಗಿಟಾರ್ ನುಡಿಸುತ್ತ ತಾಳವನ್ನು ಮಾತ್ರ ಅದರಲ್ಲಿ ಕೇಳಿದರೆ ಬಾಧಕವಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಧ್ವನಿಯನ್ನೂ ಅದರ ಮೂಲಕವೇ ಕೇಳುವುದಾದರೆ, ತಾನು ಮೀಟಿದ ಸ್ವರವೇ ತನಗೆ ತಡವಾಗಿ ಬಂದು, ಇದ್ದ ತಾಳವೂ ಕೆಡುತ್ತದೆ. ಅಂಥವರು ತಂತಿಯುಳ್ಳ ಹೆಡ್‌ಫೋನನ್ನೇ ಬಳಸತಕ್ಕದ್ದು.

ಯಂತ್ರಕ್ಕೆ ನಾವು ಪೂರ್ಣ ಶರಣಾಗಿದ್ದೇವೆಂದು ಯಾರೂ ತಿಳಿಯಬಾರದು. ಮಠದ ತಬಲಾ ನುಡಿಸುವವರು ಹಾಡುವವನ ಉಸಿರನ್ನು ನೋಡುತ್ತಿದ್ದರು. ಭಾವ ತುಂಬಿದ ಕಡೆ ಒಂದು ಕೂದಲೆಳೆಯಷ್ಟು ತಡೆದು ಅವನಿಗೆ ಎಡೆಮಾಡಿಕೊಡುತ್ತಿದ್ದರು. ಯಂತ್ರಕ್ಕೆ ಆ ದಯೆಯಿಲ್ಲ. ತಪ್ಪಿದವನಿಗೂ ಅದು ನಗುವುದಿಲ್ಲ, ಗೆದ್ದವನಿಗೂ ಭಲೆ ಎನ್ನುವುದಿಲ್ಲ. ಕಲಿಯುವ ಮೊದಲ ದಿನಗಳಲ್ಲಿ ಅದೇ ಅದರ ಗುಣವೂ ಹೌದು. ನಾಚಿಕೆಯ ಹುಡುಗನು ನೂರು ಸಲ ತಪ್ಪಿದರೂ ಅದರ ಮುಂದೆ ತಲೆತಗ್ಗಿಸಬೇಕಾಗಿಲ್ಲ. ಗೆಳೆಯರ ಮುಂದೆ ಮೂರು ದಿನದಲ್ಲಿ ಕಳೆದುಕೊಂಡುದನ್ನು ನಮ್ಮ ಹುಡುಗನು ಯಂತ್ರದ ಮುಂದೆ ಆರು ತಿಂಗಳಲ್ಲಿ ಗಳಿಸಿಕೊಂಡನು. ಅನಂತರ ತಿಂಗಳಿಗೊಮ್ಮೆಯಾದರೂ ಜೀವವಿರುವ ಜೊತೆಗಾರನೊಡನೆ ನುಡಿಸೆಂದು ನಾವು ಒತ್ತಾಯಿಸಿದೆವು. ಕಾಯದವನ ಜೊತೆಯಲ್ಲಿ ನಡೆಯಬೇಕು, ಕಾಯುವವನ ಜೊತೆಯಲ್ಲಿಯೂ ನಡೆಯಬೇಕು; ಎರಡೂ ಬೇರೆ ಬೇರೆ ವಿದ್ಯೆಗಳು. ಆ ಹಿಂದಿನ ಡ್ರಮ್ಮಿನ ಹುಡುಗನೇ ಈಗ ಭಾನುವಾರ ಮನೆಗೆ ಬರುತ್ತಾನೆ. ಡ್ರಮ್ ತರುವುದಿಲ್ಲ. ನಮ್ಮ ಮನೆಯ ಮರದ ಸ್ಟೂಲನ್ನು ಅಂಗೈಯಿಂದ ಬಾರಿಸುತ್ತಾನೆ.

ಎರಡು ವಾರಗಳ ಹಿಂದಿನ ಮಾತು. ಸಂಜೆ ಮೊಮ್ಮಗನು, "ಅಜ್ಜಾ, ನಿಮ್ಮ ಷಟ್ಪದಿಗೆ ಯಾವ ತಾಳ ರೀ?" ಎಂದು ಕೇಳಿದನು. ಭಾಮಿನಿ ಷಟ್ಪದಿಯ ಗತಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳದು, ಒಟ್ಟು ಏಳು ಎಂದೆವು. ಅವನು ಯಂತ್ರವನ್ನು ಏಳಕ್ಕೆ ಹೊಂದಿಸಿ, ಒಂದನೆಯದಕ್ಕೆ ಬೇಸ್ ಡ್ರಮ್ಮನ್ನೂ ನಾಲ್ಕನೆಯದಕ್ಕೆ ಸ್ನೇರನ್ನೂ ಇಟ್ಟನು. ವೇಗ ನಿಮಿಷಕ್ಕೆ 140 ಮಾತ್ರೆ, ಅಂದರೆ ಮೂರು ಸೆಕೆಂಡಿಗೆ ಒಂದು ಆವರ್ತ. ನಾವು ಚಾಮರಸನ ಪ್ರಭುಲಿಂಗಲೀಲೆಯನ್ನು ಕೈಗೆತ್ತಿಕೊಂಡೆವು. ಅದು ಭಾಮಿನಿಯಲ್ಲಿಯೇ ಇರುವ ಕಾವ್ಯ. ಐವತ್ತು ವರ್ಷಗಳಿಂದ ನಾವು ವಾಚಿಸುತ್ತ ಬಂದುದು. ಹುಡುಗನು ಎರಡೇ ಕಾರ್ಡುಗಳಲ್ಲಿ ಗಿಟಾರ್ ಹಿಡಿದನು.

ಮೊದಲ ಎರಡು ಪಾದಗಳು ಹದಿನಾಲ್ಕು ಹದಿನಾಲ್ಕು ಮಾತ್ರೆಯವು, ಎರಡೆರಡು ಆವರ್ತಕ್ಕೆ ಸರಿಯಾಗಿ ಕುಳಿತವು. ಮೂರನೆಯ ಪಾದ ಮೂರು ಆವರ್ತ ನಡೆದು ಕೊನೆಗೊಂದು ಗುರುವಿನಲ್ಲಿ ನಿಲ್ಲುತ್ತದೆ. ಆ ಗುರುವಿಗೆ ಎರಡು ಮಾತ್ರೆ. ನಾವು ಅದನ್ನು ನುಡಿದು, ಎಂದಿನಂತೆ ಉಸಿರೆಳೆದು, ನಾಲ್ಕನೆಯ ಪಾದಕ್ಕೆ ಹಾರಿದೆವು. ಡ್ರಮ್ ಎಲ್ಲಿಯೋ ಇತ್ತು, ನಾವು ಎಲ್ಲಿಯೋ ಇದ್ದೆವು. ಹುಡುಗ ಗಿಟಾರ್ ನಿಲ್ಲಿಸಲಿಲ್ಲ. ನಗುತ್ತ ತಲೆ ಅಲ್ಲಾಡಿಸಿದನು.

"ಅಜ್ಜಾ, ಇನ್ನೂ ಐದು ಬಾಕಿ ಅದಾವ್ರೀ."

ಏಳರಲ್ಲಿ ಎರಡು ಕಳೆದರೆ ಐದು. ಛಂದಸ್ಸಿನ ಪಾಠ ಹೇಳುವಾಗ ಆ ಪಾದದ ಕೊನೆಯಲ್ಲಿ ವಿರಾಮವುಂಟೆಂದು ನಾವೇ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಬರೆಸಿದ್ದೆವು. ಆದರೆ ಐವತ್ತು ವರ್ಷಗಳಲ್ಲಿ ಆ ಐದು ಮಾತ್ರೆಗಳನ್ನು ಪೂರ್ಣವಾಗಿ ಒಮ್ಮೆಯೂ ಕಾಯ್ದಿರಲಿಲ್ಲವೆಂಬುದು ಆಗ ತಿಳಿಯಿತು. ಒಂಟಿಯಾಗಿ ವಾಚಿಸುವಾಗ ನಮ್ಮನ್ನು ತಡೆಯುವವರು ಯಾರಿದ್ದರು? ಮತ್ತೆ ಮೊದಲ ಪಾದದಿಂದ ಹಿಡಿದೆವು. ಮತ್ತೆ ಅಲ್ಲಿಯೇ ಮುಂದೆ ಹೋದೆವು. ಮೂರನೆಯ ಸಲಕ್ಕೆ ಹುಡುಗನು ಏನೂ ಹೇಳದೆ ಕೈಚಾಚಿ ವೇಗವನ್ನು 105ಕ್ಕೆ ಇಳಿಸಿ, "ಹೂಂ, ಹಿಡೀರಿ ಅಜ್ಜಾ" ಎಂದನು.